ಬಾಗಿಲೂ ಬೀಗದ ಕೈಯೂ

ನಮ್ಮ ಶಾಲೆಯ ಗೋಡೆಗೆ ತೂಗುಹಾಕಿದ್ದ ಪಲೆಸ್ತೀನ ದೇಶದ ಪಟದಲ್ಲಿ ಯೆರೂಸಲೇಮು ಒಂದು ಕೆಂಪು ಚುಕ್ಕೆ ಮಾತ್ರವಾಗಿತ್ತು. ಬೆತ್ತದ ತುದಿಯಿಂದ ಅದನ್ನು ತೋರಿಸುವಾಗ ನಮ್ಮ ಉಪಾಧ್ಯಾಯಿನಿಯವರು ದನಿಯನ್ನು ತಗ್ಗಿಸುತ್ತಿದ್ದರು. ಹಳೆಯ ವಿದ್ಯಾರ್ಥಿನಿಯರಾದ ನಾವು ನಾಲ್ವರು 2019ರಲ್ಲಿ ಆ ಪಟ್ಟಣವನ್ನು ಕಣ್ಣಾರೆ ಕಂಡೆವು. ನಮ್ಮಲ್ಲಿ ಹಿರಿಯರಾದ ಅಕ್ಕನವರು ತಂದೆಯ ಮನೆಯ ಪಾಲಿನ ವಿಷಯದಲ್ಲಿ ತಮ್ಮ ತಂಗಿಯೊಡನೆ ಒಂಬತ್ತು ವರ್ಷಗಳಿಂದ ಮಾತು ಬಿಟ್ಟಿದ್ದರು. ಇದನ್ನು ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ.

ಕೋಟೆಯೊಳಗಿನ ಹಳೆಯ ಪಟ್ಟಣವು ಒಂದು ಚದರ ಕಿಲೋಮೀಟರಿಗಿಂತಲೂ ಚಿಕ್ಕದು. ಅಷ್ಟರೊಳಗೇ ಮೂರು ಮತಗಳವರ ಪುಣ್ಯಸ್ಥಳಗಳಿವೆ. ಕ್ರಿ.ಶ. 70ರಲ್ಲಿ ರೋಮಿನವರು ಕೆಡವಿದ ದೇವಾಲಯದ ಪ್ರಾಕಾರಕ್ಕೆ ಆಧಾರವಾಗಿದ್ದ ಪಡುವಣ ಗೋಡೆಯ ಬಳಿ ಯೆಹೂದ್ಯರು ಪ್ರಾರ್ಥಿಸುತ್ತಾರೆ. 1948ರಿಂದ 1967ರವರೆಗೆ ಅವರು ಅಲ್ಲಿಗೆ ಹೋಗುವಂತಿರಲಿಲ್ಲ. ಆ ಗೋಡೆಯ ಮೇಲಣ ವಿಶಾಲವಾದ ಅಂಗಳದಲ್ಲಿ ಮುಸಲ್ಮಾನರ ಅಲ್ ಅಕ್ಸಾ ಮಸೀದಿಯೂ ಏಳನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಬಂಡೆಯ ಗುಮ್ಮಟವೂ ಇವೆ. ಗೋಡೆಯ ಬಳಿ ಸ್ತ್ರೀಯರಿಗೆ ಬಿಟ್ಟಿರುವ ಭಾಗವು ಪುರುಷರ ಭಾಗಕ್ಕಿಂತ ಕಿರಿದು. ಕಣ್ಣೀರೇನೂ ಅಲ್ಲಿ ಕಡಮೆ ಇರಲಿಲ್ಲ.

ನಮ್ಮ ಮನಸ್ಸು ನಾಟಿದುದು ಕ್ರಿಸ್ತನ ಪವಿತ್ರ ಸಮಾಧಿಯ ದೇವಾಲಯದಲ್ಲಿ. ಮೊದಲ ದೇವಾಲಯವು 335ರಲ್ಲಿ ಪ್ರತಿಷ್ಠೆಯಾಯಿತು. ಬಿದ್ದುದೂ ಎದ್ದುದೂ ಅನೇಕ ಸಲ. ಈಗ ಆರು ಪಂಗಡಗಳ ಕ್ರೈಸ್ತರು ಅಲ್ಲಿ ಪೂಜಿಸುತ್ತಾರೆ. ಯಾವ ಕಂಬ, ಯಾವ ದೀಪ, ಯಾವ ಮೆಟ್ಟಿಲು ಯಾರದೆಂಬ ವ್ಯಾಜ್ಯ ಬೆಳೆದುದರಿಂದ, ಇದ್ದುದು ಇದ್ದಂತೆಯೇ ಇರತಕ್ಕದ್ದೆಂದು ತುರ್ಕಿಯ ಸುಲ್ತಾನರು 1852ರಲ್ಲಿ ಫರ್ಮಾನು ಹೊರಡಿಸಿದರು. ಬಾಗಿಲ ಮೇಲಿನ ಕಿಟಕಿಯ ಕೆಳಗೆ ಒಂದು ಮರದ ಏಣಿಯಿದೆ. ಹದಿನೆಂಟನೆಯ ಶತಮಾನದ ಚಿತ್ರಗಳಲ್ಲಿಯೂ ಅದು ಕಾಣುತ್ತದೆ. ಎಲ್ಲರ ಒಪ್ಪಿಗೆಯಿಲ್ಲದೆ ಅದನ್ನು ತೆಗೆಯುವಂತಿಲ್ಲ! ಸಮಾಧಿಯ ಮೇಲಣ ಗುಡಿ ಕುಸಿಯದಂತೆ ಇಂಗ್ಲಿಷರು 1947ರಲ್ಲಿ ಕಬ್ಬಿಣದ ತೊಲೆಗಳನ್ನು ಬಿಗಿದಿದ್ದರು. ಮೂರು ಮುಖ್ಯ ಪಂಗಡಗಳು ಒಡಂಬಟ್ಟು ರಿಪೇರಿಗೆ ಕೈಹಾಕಿದುದು 2016ರಲ್ಲಿ.

ಇನ್ನು ಬೀಗದ ಕೈ. ಅದು ಇರುವುದು ಮುಸಲ್ಮಾನರಲ್ಲಿ. ಜೂದೆ ಮನೆತನದವರು ಅದನ್ನು ಕಾಯುವರು, ನುಸೈಬೆ ಮನೆತನದವರು ಬಾಗಿಲು ತೆಗೆದು ಮುಚ್ಚುವರು. ಸುಲ್ತಾನ್ ಸಲಾಹುದ್ದೀನನ ಕಾಲದಿಂದ ಬಂದ ಪದ್ಧತಿಯೆಂದು ಹೇಳುತ್ತಾರೆ. ಸಂಜೆ ಕದ ಮುಚ್ಚುವುದನ್ನು ನಾವು ನಿಂತು ನೋಡಿದೆವು. ದ್ವಾರಪಾಲಕನು ಚಿಕ್ಕದೊಂದು ಏಣಿಯನ್ನೇರಿ ಮೇಲಿನ ಬೀಗ ಹಾಕಿದನು. ಇಳಿದು, ಕದದಲ್ಲಿರುವ ಕಿಂಡಿಯ ಮೂಲಕ ಏಣಿಯನ್ನು ಒಳಗಿನ ಸನ್ಯಾಸಿಗಳಿಗೆ ಒಪ್ಪಿಸಿದನು. ಅವರು ಒಳಗೆ, ಬೀಗ ಹೊರಗೆ. ನಮಗೆ ನಾಚಿಕೆಯೂ ಆಯಿತು, ಏನೋ ಒಂದು ಸಮಾಧಾನವೂ ಆಯಿತು.

ಅಕ್ಕನವರು ಕಿಟಕಿಯ ಕೆಳಗಿನ ಆ ಹಳೆಯ ಏಣಿಯನ್ನೇ ನೋಡುತ್ತಿದ್ದರು. “ಅಪ್ಪನ ಕಬ್ಬಿಣದ ಪೆಟ್ಟಿಗೆಯೂ ಅಟ್ಟದ ಮೇಲೆ ಹೀಗೆಯೇ ಇದೆ. ಅವಳೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ,” ಎಂದರು.

ಮರುದಿನ ಬೆಳಗ್ಗೆ ದೇವಾಲಯದ ಚಿತ್ರವಿದ್ದ ಒಂದು ಕಾರ್ಡನ್ನು ಕೊಂಡು, ತಂಗಿಯ ವಿಳಾಸ ಬರೆದು, ನಮ್ಮೆದುರಿಗೇ ಅಂಚೆಗೆ ಹಾಕಿದರು. ಉತ್ತರ ಬಂದಿತೆ ಎಂದು ನಾವು ಕೇಳಿಲ್ಲ.