ಹೆಗಲ ಮುಂದಿನ ಗಂಟು

ಸಾಹಿತ್ಯ ಸಂಘದ ಪತ್ರಿಕೆಗೆ ಉಣ್ಣಿಯ ಬಗ್ಗೆ ಬರೆಯುತ್ತೇನೆ ಅಂದಾಗ ಸಂಪಾದಕ ಮಿತ್ರರು ನಕ್ಕರು. “ಕವಿತೆ ಗಿವಿತೆ ಇಲ್ಲವೇನ್ರೀ?” ಅಂದರು. ಕವಿತೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಪ್ರಾಣಿಶಾಸ್ತ್ರ ಓದುವವನು, ಬೀದರ ಜಿಲ್ಲೆಯ ಹಳ್ಳಿಯವನು. ನನ್ನ ಕಾಲೇಜಿನ ಫೀಸು ಬಂದದ್ದು ಆಕಳ ಹಾಲಿನಿಂದ. ಅಷ್ಟರಮಟ್ಟಿಗೆ ಉಣ್ಣಿಯ ಬಗ್ಗೆ ಮಾತಾಡುವ ಹಕ್ಕು ನನಗಿದೆ. ಅಲ್ಲದೆ ನಮ್ಮ ಮಾತಿಗೆ, ಗಾದೆಗೆ ಉಣ್ಣಿ ಹೊಸದೇನಲ್ಲ. ಕೆಚ್ಚಲಿಗೇ ಕಚ್ಚಿಕೊಂಡಿದ್ದರೂ ಹಾಲಿನ ರುಚಿ ಅರಿಯದೆ ರಕ್ತ ಹೀರುವ ಜೀವ ಎಂದು ಹಿಂದಿನವರು ಅದನ್ನು ಮೂಢರಿಗೆ ಹೋಲಿಸಿದರು. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ. ಉಣ್ಣಿ ಹೀರುವುದಷ್ಟೇ ಅಲ್ಲ, ಏನನ್ನೋ ಒಳಗೆ ಬಿಟ್ಟೂ ಹೋಗುತ್ತದೆ. ನಾನು ಹೇಳಹೊರಟದ್ದು ಆ ಉಳಿದರ್ಧದ ಮಾತು.

ಹೈದರಾಬಾದಿಗೆ ಬಂದವರೆಲ್ಲ ಚಾರ್‌ಮಿನಾರ್ ನೋಡುತ್ತಾರೆ, ಸಾಲಾರ್‌ಜಂಗ್ ನೋಡುತ್ತಾರೆ. ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್‌ನ ಹೆಸರು ಹೊತ್ತ ಹಳೆಯ ಕಟ್ಟಡವನ್ನು ನೋಡುವವರು ಕಡಿಮೆ. ರಾಸ್ ಸೈನ್ಯದ ವೈದ್ಯ. ಅದಕ್ಕೆ ಮುಂಚೆ ಕಾಲರಾ ಕೆಲಸದ ಮೇಲೆ ನಮ್ಮ ಬೆಂಗಳೂರಿನಲ್ಲೂ ಇದ್ದವನು. 1897ರ ಆಗಸ್ಟ್ 20ರಂದು ಸೊಳ್ಳೆಯೊಂದರ ಹೊಟ್ಟೆಯನ್ನು ಬಿಡಿಸಿ ನೋಡಿದಾಗ ಅದರ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿ ಕಂಡಿತು. ಆ ಸೊಳ್ಳೆಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಅವನಿಗೆ ಒಂದಾಣೆ ಕೂಲಿ. 1902ರಲ್ಲಿ ರಾಸ್‌ನಿಗೆ ನೊಬೆಲ್ ಬಂತು. ಆದರೆ ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲಿನ ಗ್ರಂಥಿಯವರೆಗಿನ ದಾರಿಯನ್ನು ಅವನು ತೋರಿಸಿಕೊಟ್ಟದ್ದು 1898ರಲ್ಲಿ, ಕಲಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾದಲ್ಲಿ. ಮನುಷ್ಯರ ರೋಗದ ಗುಟ್ಟು ಬಿಚ್ಚಿದ್ದು ಹಕ್ಕಿಗಳ ಮೈಯಲ್ಲಿ ಎಂಬುದನ್ನು ನಾವು ಬೇಗ ಮರೆಯುತ್ತೇವೆ.

ಇನ್ನೂ ಹಿಂದಕ್ಕೆ ಹೋದರೆ ಉಣ್ಣಿಯೇ ಸಿಗುತ್ತದೆ. ಅಮೆರಿಕೆಯ ದಕ್ಷಿಣದ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದಾಗಲೆಲ್ಲ ಉತ್ತರದ ದನ ಜ್ವರ ಬಂದು ಸಾಯುತ್ತಿದ್ದವು. ದಕ್ಷಿಣದವು ಮಾತ್ರ ಗಟ್ಟಿಮುಟ್ಟಾಗಿರುತ್ತಿದ್ದವು. ‘ಇದು ಉಣ್ಣಿಯ ಕೆಲಸ’ ಎಂದು ದನ ಸಾಕುವವರಲ್ಲಿ ಕೆಲವರು ಅನ್ನುತ್ತಿದ್ದರು. ಓದಿದವರಿಗೆ ಅದು ನಗೆಯ ಮಾತಾಗಿತ್ತು. ಥಿಯೋಬಾಲ್ಡ್ ಸ್ಮಿತ್, ಕಿಲ್ಬೋರ್ನ್ ಎಂಬಿಬ್ಬರು ಮಾತ್ರ ನಗಲಿಲ್ಲ. ದಕ್ಷಿಣದ ದನಗಳ ಮೈಮೇಲಿನ ಉಣ್ಣಿಗಳನ್ನು ಕೈಯಿಂದ ಆರಿಸಿ ತೆಗೆಸಿ, ಉತ್ತರದ ದನಗಳ ಜೊತೆ ಮೇಯಲು ಬಿಟ್ಟರು: ರೋಗ ಬರಲಿಲ್ಲ. ಇನ್ನೊಂದು ಹೊಲದಲ್ಲಿ ದಕ್ಷಿಣದ ದನವೇ ಇಲ್ಲದೆ ಬರೀ ಉಣ್ಣಿ ಚೆಲ್ಲಿದರು: ರೋಗ ಬಂತು. ಇದನ್ನವರು ಪ್ರಕಟಿಸಿದ್ದು 1893ರಲ್ಲಿ, ಸಿಕಂದರಾಬಾದಿನ ಸೊಳ್ಳೆಗೆ ನಾಲ್ಕು ವರ್ಷ ಮೊದಲು. ಕಚ್ಚುವ ಹುಳುವಿನಿಂದ ರೋಗ ಹರಡುತ್ತದೆ ಎಂಬ ದೊಡ್ಡ ವಿದ್ಯೆಯ ಒಂದು ಬೇರು ಹೀಗೆ ದನದ ಹಿಂಡಿನಲ್ಲಿದೆ, ದನ ಕಾಯುವವರ ಮಾತಿನಲ್ಲಿದೆ.

ಈಗ ನಮ್ಮ ಸೀಮೆಗೆ ಬರೋಣ. 1956ರವರೆಗೆ ನಮ್ಮ ಬೀದರವೂ ಈ ಹೈದರಾಬಾದೂ ಒಂದೇ ರಾಜ್ಯ. ರಾಜ್ಯ ಬೇರೆಯಾದರೂ ಉಣ್ಣಿಗೆ ಗಡಿ ತಿಳಿಯದು. ನಾವು ಉಣ್ಣಿ ಅನ್ನುತ್ತೇವೆ, ತೆಲುಗರು ಗೋಮಾರಿ ಅನ್ನುತ್ತಾರೆ, ಮರಾಠಿಯವರು ಗೋಚೀಡ ಅನ್ನುತ್ತಾರೆ. ಈ ಸೀಮೆಯ ಆಕಳುಗಳನ್ನು ಕೊಲ್ಲುವ ಉಣ್ಣಿ ರೋಗಗಳಲ್ಲಿ ಮುಖ್ಯವಾದದ್ದು ಥೈಲೇರಿಯಾ. ಹಯಲೋಮಾ ಜಾತಿಯ ಉಣ್ಣಿ ಇದನ್ನು ಜೊಲ್ಲಿನೊಂದಿಗೆ ಒಳಗೆ ಬಿಡುತ್ತದೆ. ಒಳಗೆ ಹೋದ ಜೀವಿ ಬಿಳಿ ರಕ್ತಕಣದಲ್ಲಿ ಮನೆ ಮಾಡಿ, ಆ ಕಣವನ್ನೇ ಹುಚ್ಚು ಹಿಡಿದಂತೆ ಬೆಳೆಸುತ್ತದೆ, ಥೇಟ್ ಕ್ಯಾನ್ಸರಿನ ಹಾಗೆ. ಕಣ ಒಡೆದು ಎರಡಾದಾಗ ಒಳಗಿನ ಕಳ್ಳನೂ ಎರಡಾಗುತ್ತಾನೆ. ದುಗ್ಧರಸ ಗ್ರಂಥಿಗಳು ಊದುತ್ತವೆ. ಹೆಗಲ ಮುಂದಿನ ಗ್ರಂಥಿ ಕೈಗೆ ಸಿಗುವಂತೆ ಗಂಟಾಗುತ್ತದೆ. ಜ್ವರ 104, 105 ಡಿಗ್ರಿಗೆ ಏರುತ್ತದೆ. ಆಮೇಲೆ ಕೆಂಪು ಕಣಗಳಿಗೂ ನುಗ್ಗಿ ರಕ್ತ ತೆಳುವಾಗುತ್ತದೆ. ದೇವಣಿಯಂಥ ನಮ್ಮ ನಾಟಿ ಆಕಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಪರದೇಶದ ರಕ್ತ ಬೆರೆತ ಮಿಶ್ರತಳಿ ತಾಳದು.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ಮನೆಗೆ ಸಾಲದ ಮೇಲೆ ಒಂದು ಮಿಶ್ರತಳಿ ಆಕಳು ಬಂತು. ಕಪ್ಪು ಬಿಳಿ ಮೈ. ಆದರೂ ಊರೆಲ್ಲ ‘ಜರ್ಸಿ’ ಅನ್ನುತ್ತಿತ್ತು. ಮಳೆ ಹಿಡಿದ ಹೊಸತರಲ್ಲಿ ಅದು ಮೇವು ಬಿಟ್ಟಿತು. “ಬಿಸಲ ಹತ್ಯಾದ, ತಂಪ ಮಾಡ್ರಿ” ಎಂದರು ಒಬ್ಬರು. “ಕಣ್ಣ ಬಿದ್ದಾದ” ಎಂದರು ಇನ್ನೊಬ್ಬರು. ಮಜ್ಜಿಗೆ ಕುಡಿಸಿದ್ದಾಯಿತು, ಮೆಣಸಿನಕಾಯಿ ನಿವಾಳಿಸಿದ್ದಾಯಿತು. ಐದನೆಯ ದಿನ ದನದ ಡಾಕ್ಟರು ಬಂದಾಗ ಅದರ ಕಣ್ಣಿನ ಒಳಗಿನ ಕೆಂಪು ಸುಣ್ಣದಂತಾಗಿತ್ತು. ಅವರು ಅವ್ವನ ಕೈ ಹಿಡಿದು ಹೆಗಲ ಮುಂದೆ ಇಟ್ಟು, “ಈ ಗಂಟು ಮೊದಲೇ ಸಿಗತದವ್ವಾ. ಈಗ ತಡ ಆಗ್ಯಾದ” ಎಂದರು. ಮರುದಿನ ಆಕಳು ಹೋಯಿತು. ಸಾಲ ಹೋಗಲಿಲ್ಲ. ಎರಡು ವರ್ಷ ಅವ್ವ ಬೇರೆಯವರ ಹೊಲದಲ್ಲಿ ದುಡಿದು ಕಂತು ಕಟ್ಟಿದಳು.

ಕಂತು ಮುಗಿದ ಮೇಲೆ ಅವ್ವ ಮತ್ತೆ ಅಂಥದೇ ಆಕಳು ತಂದಳು. ನಾಟಿ ಆಕಳು ಕೊಡುವ ಹಾಲಿನಲ್ಲಿ ಫೀಸು ಹುಟ್ಟುವುದಿಲ್ಲ ಎಂಬ ಲೆಕ್ಕ ಅವಳಿಗೆ ಗೊತ್ತಿತ್ತು. ಆದರೆ ಈಗ ಒಂದು ರೂಢಿ ಮಾಡಿಕೊಂಡಳು. ದಿನಾ ಬೆಳಗ್ಗೆ ಹಾಲು ಹಿಂಡುವ ಮೊದಲು ಎರಡೂ ಹೆಗಲ ಮುಂದೆ ಕೈಯಾಡಿಸುವುದು, ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಉಣ್ಣಿ ಆರಿಸುವುದು. ಒಂದು ದಿನ ನನ್ನನ್ನು ಕರೆದು, “ತಮ್ಮಾ, ಇಲ್ಲಿ ಕೈ ಹಚ್ಚಿ ನೋಡು. ನಿಂಬೆಹಣ್ಣಿನಷ್ಟು ಗಂಟದ” ಎಂದಳು. ಆಕಳು ಇನ್ನೂ ಮೇಯುತ್ತಿತ್ತು! ಅದೇ ಡಾಕ್ಟರು ಬಂದು ಗಂಟಿನಿಂದ ಸೂಜಿಯಲ್ಲಿ ನೀರು ತೆಗೆದು ಗಾಜಿನ ಮೇಲೆ ಸವರಿಕೊಂಡು ಹೋದರು. ಸಂಜೆಗೆ ಬುಪಾರ್ವಾಕ್ವೋನ್ ಚುಚ್ಚಿದರು. ಆಕಳು ಉಳಿಯಿತು. ನಾನು ಹೈದರಾಬಾದಿಗೆ ಬಂದೆ.

ಇಲ್ಲಿಗೆ ಬಂದ ಮೇಲೆ ತಿಳಿಯಿತು, ನಮ್ಮವ್ವನ ಬೆರಳಿಗೆ ಸಿಕ್ಕ ಗಂಟಿನ ಮೇಲೆ ಈ ಊರಿನಲ್ಲಿ ಎಷ್ಟು ಕೆಲಸ ನಡೆದಿದೆ ಎಂದು. ಗಚ್ಚಿಬೌಲಿಯಲ್ಲಿ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯಿದೆ, 2010ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಥೈಲೇರಿಯಾದ ಮೇಲೆ ಸಂಶೋಧನೆ ನಡೆಯುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ 1982ರಲ್ಲಿ ಇಲ್ಲೇ ಆರಂಭಿಸಿದ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಈ ರೋಗಕ್ಕೆ ‘ರಕ್ಷಾವ್ಯಾಕ್-ಟಿ’ ಎಂಬ ಲಸಿಕೆ ತಯಾರಿಸಿದೆ. ಲಸಿಕೆಯ ಯುಕ್ತಿ ಕೇಳಿ: ಹುಚ್ಚು ಹಿಡಿದು ಬೆಳೆಯುವ ಆ ಬಿಳಿ ಕಣಗಳನ್ನೇ ಗಾಜಿನ ಸೀಸೆಯಲ್ಲಿ ತಲೆಮಾರಿನ ಮೇಲೆ ತಲೆಮಾರು ಬೆಳೆಸುತ್ತ ಹೋದರೆ, ಒಳಗಿನ ಪರೋಪಜೀವಿಯ ಸೊಕ್ಕು ಇಳಿಯುತ್ತದೆ. ಕೊಲ್ಲಲಾರದು, ಆದರೆ ಮೈಗೆ ತನ್ನ ಗುರುತು ಕಲಿಸಬಲ್ಲದು. ಕಳ್ಳನನ್ನೇ ಮೇಷ್ಟ್ರು ಮಾಡಿದ ಹಾಗೆ.

ಆದರೆ ಈ ಮೇಷ್ಟ್ರು ಜೀವಂತ ಇರಬೇಕು. ಅದಕ್ಕಾಗಿ ಲಸಿಕೆ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯ ಚಳಿಯಲ್ಲಿ ಪ್ರಯಾಣ ಮಾಡಬೇಕು. ಹಳ್ಳಿಗೆ ಅದು ಹೇಗೆ ಸಾಧ್ಯ ಎನ್ನುತ್ತೀರಾ? ಮಿಶ್ರತಳಿಯ ಕರು ಹುಟ್ಟಿಸುವ ವೀರ್ಯದ ಕಡ್ಡಿಗಳು ಅದೇ ಚಳಿಯ ಡಬ್ಬಿಯಲ್ಲೇ ನಮ್ಮೂರ ತನಕ ಬರುತ್ತವಲ್ಲ! ರೋಗ ತಾಳದ ಆಕಳನ್ನು ತರುವ ಡಬ್ಬಿಗೆ ದಾರಿ ಗೊತ್ತಿದೆ. ಅದನ್ನು ಕಾಯುವ ಲಸಿಕೆಯ ಡಬ್ಬಿಯನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಔಷಧದ ಮೇಲೆ ಮಾತ್ರ ಭಾರ ಹಾಕಿ ಕೂಡುವ ಹಾಗೂ ಇಲ್ಲ. ಬುಪಾರ್ವಾಕ್ವೋನಿಗೆ ಬಗ್ಗದ ಥೈಲೇರಿಯಾ ಟ್ಯುನೀಷಿಯಾ, ಇರಾನ್‌ಗಳಲ್ಲಿ ಆಗಲೇ ಕಾಣಿಸಿಕೊಂಡಿದೆ.

ನಗರದ ನಾಯಿಗಳಿಗೂ ಇಂಥ ಕಾಟ ಇದೆ. ಅವಕ್ಕೆ ಕಂದು ಉಣ್ಣಿ ಬೇರೆ, ಬೆಬೀಸಿಯಾ ಬೇರೆ. ನನ್ನ ಪರಿಚಯದ ಮನೆಯೊಂದರ ನಾಯಿಗೆ ಜ್ವರ ಬಂದಾಗ ಒಂದೇ ದಿನದಲ್ಲಿ ರಕ್ತಪರೀಕ್ಷೆಯ ವರದಿ ಕೈಗೆ ಬಂತು. ಒಳ್ಳೆಯದೇ ಆಯಿತು, ಅದೂ ಜೀವವೇ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಮನೆಯಲ್ಲಿ ನಾಯಿ ಹೋದರೆ ಕಣ್ಣೀರು. ನಮ್ಮಲ್ಲಿ ಆಕಳು ಹೋದರೆ ಕಣ್ಣೀರು, ಅದರ ಮೇಲೆ ಕಂತು.

ಗೆಳೆಯರೆ, ಕನ್ನಡ ಓದುವ ನಮಗೂ ಇದರಲ್ಲಿ ಪಾಲಿದೆ. ಸಂಶೋಧನೆಯ ಪ್ರಬಂಧ ಇಂಗ್ಲಿಷಿನಲ್ಲಿರುತ್ತದೆ. ಕೊಟ್ಟಿಗೆ ಬೀದರದ ಕನ್ನಡದಲ್ಲಿರುತ್ತದೆ. ನಡುವಿನ ದಾರಿಯನ್ನು ಯಾರಾದರೂ ಬರೆದು ಹಾಕಬೇಕು. ಬರೆಯಬೇಕಾದದ್ದು ಬಹಳವಿಲ್ಲ. ಉಣ್ಣಿ ಮೊಟ್ಟೆ ಇಡುವುದು ಆಕಳ ಮೈಮೇಲಲ್ಲ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಒಂದೊಂದು ಸಾವಿರಗಟ್ಟಲೆ. ಆದ್ದರಿಂದ ಬಿರುಕು ಮೆತ್ತಬೇಕು. ಕಚ್ಚಿದ ಉಣ್ಣಿಯ ಜೊಲ್ಲಿನಲ್ಲಿ ರೋಗ ಹಣ್ಣಾಗಲು ಎರಡು ಮೂರು ದಿನ ಬೇಕು. ಆದ್ದರಿಂದ ದಿನಾ ಆರಿಸಿದ್ದು ವ್ಯರ್ಥವಲ್ಲ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗಲೇ ಲಸಿಕೆ ಎಲ್ಲಿ ಎಂದು ಕೇಳಬೇಕು. ಇನ್ನು ಹೆಗಲ ಮುಂದೆ ಗಂಟು ಸಿಕ್ಕಿದರೆ, ಆಕಳು ಮೇಯುತ್ತಿದ್ದರೂ ಸರಿ, ಅವತ್ತೇ ಡಾಕ್ಟರ ಬಳಿ ಹೋಗಬೇಕು.