ಬಡ್ಡಿ ಗೈ ಎಂಬ ಅಸಲು

ಯಲಿಯೂರು ಸ್ಟೇಷನ್ನಿಗೆ ಗಾಡಿ ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಹೋಗಿ ಕೂರುವುದು ನಮ್ಮಪ್ಪನಿಂದ ನನಗೆ ಬಂದ ಕಾಯಿಲೆ. ಮಂಡ್ಯ ಬಿಟ್ಟು ಮೈಸೂರಿನ ಕಡೆಗೆ ಹೊರಟರೆ ಸಿಗುವ ಪುಟ್ಟ ನಿಲ್ದಾಣ ಇದು. ಎಕ್ಸ್‌ಪ್ರೆಸ್ ಗಾಡಿಗಳು ಹಳೆಯ ಸಾಲಗಾರನನ್ನು ಕಂಡವರಂತೆ ಮುಖ ತಿರುಗಿಸಿಕೊಂಡು ಓಡಿಬಿಡುತ್ತವೆ. ಪ್ಯಾಸೆಂಜರಿಗೆ ಕಾಯುವವರು ನಾಲ್ಕಾರು ಜನ, ಕಬ್ಬಿನ ಗದ್ದೆಯಿಂದ ಬರುವ ಗಾಳಿ, ಬೆಂಚಿನ ಮೇಲೊಂದು ನಾಯಿ. ಇಂಥ ಕಡೆ ಕೂತು ಅಮೆರಿಕದ ಎಂಬತ್ತರ ಮುದುಕನೊಬ್ಬನ ಆಲ್ಬಂ ಕೇಳುವ ಅಭ್ಯಾಸ ನನಗೆ ಹತ್ತಿದೆ.

ಹತ್ತಿಸಿದವನು ಅಣ್ಣನ ಮಗ. ಬೆಂಗಳೂರಿನಿಂದ ಹಬ್ಬಕ್ಕೆ ಬಂದವನು ನನ್ನ ಫೋನಿಗೆ ಒಂದಷ್ಟು ಹಾಡು ತುಂಬಿ, ‘ಚಿಕ್ಕಪ್ಪ, ಸುಮ್ನೆ ಕೇಳಿ, ಬೈಬೇಡಿ’ ಅಂದ. ಬ್ಲೂಸ್ ಎಂಬ, ಅಮೆರಿಕದ ಕಪ್ಪು ಜನರ ಸಂಗೀತ ಅದು. ಆಲ್ಬಮ್ಮಿನ ಹೆಸರು ‘ದ ಬ್ಲೂಸ್ ಈಸ್ ಅಲೈವ್ ಅಂಡ್ ವೆಲ್’, ಹಾಡಿ ಗಿಟಾರ್ ನುಡಿಸಿದವನು ಬಡ್ಡಿ ಗೈ. ಹೆಸರು ಕಿವಿಗೆ ಬಿದ್ದದ್ದೇ ನನ್ನ ಹೆಂಡತಿ ಒಲೆಯ ಮುಂದಿನಿಂದಲೇ, ‘ಬೆಳೆ ಸಾಲಕ್ಕೆ ಕಟ್ಟಿದ ಬಡ್ಡಿ ಸಾಲ್ದು ಅಂತ ಕಿವಿಗೂ ಬಡ್ಡಿ ತುಂಬ್ಕತೀರಾ?’ ಅಂದಳು. ಗೈ ಅಂದರೆ ನಮ್ಮಲ್ಲಿ ಗೇಯುವುದು ತಾನೆ. ಬಡ್ಡಿಗಾಗಿ ಗೇಯುವವನು ಎಂದು ಅರ್ಥ ಮಾಡಿದರೆ ಆ ಹೆಸರು ಮಂಡ್ಯ ಸೀಮೆಯಲ್ಲಿ ಕಬ್ಬು ಹಾಕಿದ ಯಾರಿಗಾದರೂ ಒಪ್ಪುತ್ತದೆ.

ಮೊದಲ ಸಲ ಕೇಳಿದಾಗ, ನಿಜ ಹೇಳುತ್ತೇನೆ, ಹಿಡಿಸಲಿಲ್ಲ. ಆಲೆಮನೆಯ ಗಾಣಕ್ಕೆ ಎಣ್ಣೆ ಸಾಲದಾದಾಗ ಹೊರಡುವ ಕೀರಲು ಸದ್ದು ಗೊತ್ತಲ್ಲ, ಗಿಟಾರ್ ಹಾಗೆ ಕೇಳಿಸಿತು. ಎರಡನೆಯ ಸಲ ಕೇಳಿದ್ದು ಇದೇ ಬೆಂಚಿನ ಮೇಲೆ, ಮಾಡಲು ಬೇರೆ ಕೆಲಸವಿಲ್ಲದ್ದರಿಂದ. ‘ಎ ಫ್ಯೂ ಗುಡ್ ಇಯರ್ಸ್’ ಎಂಬ ಮೊದಲ ಹಾಡು ಶುರುವಾಗಿ ಅರ್ಧ ನಿಮಿಷವಾಗಿರಬೇಕು, ನನಗೆ ನಮ್ಮ ಮನೆಯ ಜಗಲಿ ಕಂಡಿತು. ಜಗಲಿಯ ಮೇಲೆ ನೀಲಗಾರಯ್ಯ ಕೂತಿದ್ದ.

ಈ ಕಡೆಯವರಿಗೆ ನೀಲಗಾರರನ್ನು ಪರಿಚಯಿಸಬೇಕಿಲ್ಲ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ರಾತ್ರಿಯೆಲ್ಲ ಹಾಡುವವರು ಅವರು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಿ ಪಾಂಚಾಳರ ಕೈಲಿ ಪಡಬಾರದ ಪಾಡು ಪಟ್ಟ ಹಲಗೂರೂ ಅದೇ ತಾಲ್ಲೂಕು. ನಮ್ಮ ಜಗಲಿಗೆ ಬರುತ್ತಿದ್ದವನಿಗೆ ಆಗಲೇ ಎಪ್ಪತ್ತು ದಾಟಿತ್ತು. ತಂಬೂರಿಯನ್ನು ಹೆಗಲಿಗಾನಿಸಿ, ಎಡಗೈಯಲ್ಲಿ ಗಗ್ಗರ ಆಡಿಸುತ್ತ ದನಿ ತೆಗೆದರೆ ಅದು ಗಂಟಲಿನಿಂದ ಬರುತ್ತಿದೆ ಎನ್ನಿಸುತ್ತಿರಲಿಲ್ಲ. ಅಮ್ಮ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯುವಳು, ಅವನು ನಮ್ಮ ಹಣೆಗೆ ಕಪ್ಪುಧೂಳ್ತ ಇಡುವನು. ಆಮೇಲೆ ಅಪ್ಪ ಟೇಪ್ ರೆಕಾರ್ಡರ್ ತಂದು ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳನ್ನು ಹಾಕತೊಡಗಿದರು. ಊರಿಗೂರೇ ಆ ಕ್ಯಾಸೆಟ್ಟುಗಳನ್ನು ಕೇಳುತ್ತಿತ್ತು. ಆದರೂ ಜಗಲಿಯ ಮುದುಕನ ದನಿಯಲ್ಲಿದ್ದ ಬಿರುಕು ನನ್ನ ಕಿವಿಯಲ್ಲಿ ಹಾಗೇ ಉಳಿಯಿತು. ಅದೇ ಬಿರುಕು ಈಗ ಇಂಗ್ಲಿಷಿನಲ್ಲಿ ಕೇಳಿಸುತ್ತಿತ್ತು.

ಬಡ್ಡಿ ಗೈ ಹುಟ್ಟಿದ್ದು 1936ರಲ್ಲಿ, ಲೂಸಿಯಾನದ ಲೆಟ್ಸ್‌ವರ್ತ್ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ಇನ್ನೊಬ್ಬರ ಜಮೀನನ್ನು ವಾರಕ್ಕೆ ಮಾಡುತ್ತಿದ್ದವರು. ಮಗು ಹತ್ತಿ ಬಿಡಿಸುತ್ತ ಬೆಳೆಯಿತು. ಲೂಸಿಯಾನ ನಮ್ಮ ಹಾಗೇ ಕಬ್ಬಿನ ಸೀಮೆಯೂ ಹೌದು ಎಂದು ತಿಳಿದಾಗ ನನಗೆ ಸುಮ್ಮಸುಮ್ಮನೆ ಸಂತೋಷವಾಯಿತು, ದೂರದ ನೆಂಟಸ್ತಿಕೆ ಪತ್ತೆಯಾದ ಹಾಗೆ. ಹುಡುಗ ಕಿಟಕಿಯ ಸೊಳ್ಳೆಪರದೆಯಿಂದ ತಂತಿ ಕಿತ್ತು ಹಲಗೆಗೆ ಬಿಗಿದು ವಾದ್ಯ ಮಾಡಿಕೊಂಡ. ಮನೆಯೊಳಗೆ ಸೊಳ್ಳೆ ಯಾಕೆ ಹೆಚ್ಚಾಯಿತು ಎಂದು ಹೆತ್ತವರು ತಲೆ ಕೆಡಿಸಿಕೊಂಡರಂತೆ. 1957ರ ಸೆಪ್ಟೆಂಬರ್ 25ರಂದು ಷಿಕಾಗೋಗೆ ರೈಲಿನಲ್ಲಿ ಹೋಗಿ ಇಳಿದ. ಉಪವಾಸ ಬಿದ್ದಿದ್ದಾಗ ಬ್ಲೂಸಿನ ಹಿರಿಯ ಮಡ್ಡಿ ವಾಟರ್ಸ್ ಬ್ರೆಡ್ಡು ತಿನ್ನಿಸಿದ. ಚೆಸ್ ಕಂಪನಿಯ ಸ್ಟುಡಿಯೋದಲ್ಲಿ ಬೇರೆಯವರ ಹಾಡುಗಳಿಗೆ ಪಕ್ಕವಾದ್ಯ ನುಡಿಸಿದ, ಅರವತ್ತರ ದಶಕದಲ್ಲಿ ಹಗಲು ಕೆಟ್ಟು ನಿಂತ ಕಾರುಗಳನ್ನು ಎಳೆಯುವ ಲಾರಿ ಓಡಿಸಿದ. ರಾತ್ರಿ ಕ್ಲಬ್ಬುಗಳಲ್ಲಿ ಬಲು ಉದ್ದದ ವಯರನ್ನು ಗಿಟಾರಿಗೆ ಸಿಕ್ಕಿಸಿಕೊಂಡು ಹಾಡುತ್ತ ಹಾಡುತ್ತ ಬೀದಿಗೇ ಹೋಗಿಬಿಡುತ್ತಿದ್ದ. ಹೆಂಡ್ರಿಕ್ಸ್, ಕ್ಲಾಪ್ಟನ್‌ರಂಥ ಗಿಟಾರ್ ವಾದಕರು ಇವನಿಂದ ಕಲಿತು ಇವನಿಗಿಂತ ಮೊದಲೇ ದೊಡ್ಡವರಾದರು. ಇವನಿಗೆ ಹೆಸರು ಬರುವ ಹೊತ್ತಿಗೆ ಐವತ್ತು ದಾಟಿತ್ತು.

ಅವನು ನುಡಿಸುವ ಚುಕ್ಕಿ ಚುಕ್ಕಿ ಬಣ್ಣದ ಗಿಟಾರಿನದೂ ಒಂದು ಕತೆ. ಕಾಯಿಲೆಯ ತಾಯಿಗೆ ಧೈರ್ಯ ಹೇಳಲು, ‘ದುಡ್ಡು ಮಾಡಿಕೊಂಡು ಚುಕ್ಕಿ ಬಣ್ಣದ ಕ್ಯಾಡಿಲಾಕ್ ಕಾರಿನಲ್ಲಿ ಬರ್ತೀನಿ’ ಎಂದು ಸುಳ್ಳು ಹೇಳಿ ಊರು ಬಿಟ್ಟಿದ್ದ. ತಾಯಿ 1968ರಲ್ಲಿ ತೀರಿಕೊಂಡಳು. ಕಾರು ಬರಲಿಲ್ಲ. ಚುಕ್ಕಿ ಗಿಟಾರಿಗೆ ಬಂತು.

ಈ ಆಲ್ಬಂ ಬಂದದ್ದು 2018ರ ಜೂನಿನಲ್ಲಿ. ಅವನಿಗೆ ಎಂಬತ್ತೆರಡು ತುಂಬಲು ಒಂದೂವರೆ ತಿಂಗಳಿತ್ತು. ಮೊದಲ ಹಾಡಿನಲ್ಲಿ ಅವನು ಕೇಳುವುದು ಇಷ್ಟೆ: ಇನ್ನೊಂದಷ್ಟು ಒಳ್ಳೆಯ ವರ್ಷ ಸಿಗಲಿ. ಸ್ವರ್ಗ ಕೇಳುವುದಿಲ್ಲ, ಹಳೆಯದಕ್ಕೆ ಅಳುವುದೂ ಇಲ್ಲ. ಸೊಸೈಟಿಯ ಕಾರ್ಯದರ್ಶಿಯ ಮುಂದೆ ನಿಂತ ರೈತ ಇನ್ನೊಂದು ಹಂಗಾಮಿಗೆ ವಾಯಿದೆ ಕೇಳಿದ ಹಾಗೆ, ಗೌರವ ಬಿಡದೆ ಕೇಳುತ್ತಾನೆ. ಮಾತು ಮುಗಿದಲ್ಲಿ ಗಿಟಾರ್ ಎತ್ತಿಕೊಳ್ಳುತ್ತದೆ. ಮೆತ್ತಗೆ ಶುರುವಾಗಿ, ಒಂದೇ ಸ್ವರವನ್ನು ಬೆರಳಿನಿಂದ ಮೇಲಕ್ಕೆ ದೂಡುತ್ತ, ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲಿಸಿ, ಅಲ್ಲೇ ನಡುಗಿಸುತ್ತಾನೆ. ಹಾರ್ಮೋನಿಯಂನಲ್ಲಿ ಆ ಜಾಗಕ್ಕೆ ಮನೆಯಿಲ್ಲ. ಜಗಲಿಯ ನೀಲಗಾರಯ್ಯನ ದನಿ ನಿಲ್ಲುತ್ತಿದ್ದುದೂ ಅಂಥದೇ ಸಂದಿಯಲ್ಲಿ.

ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ನೀಲಗಾರರಲ್ಲಿ ತಂಬೂರಿ ಎದುರು ಮಾತಾಡುವುದಿಲ್ಲ. ಶ್ರುತಿ ಹಿಡಿದು ಕಾಯುತ್ತದೆ. ಉತ್ತರ ಕೊಡುವುದು ಹಿಮ್ಮೇಳ. ಒಬ್ಬ ಸಾಲು ಬಿಟ್ಟರೆ ಇಬ್ಬರು ಎತ್ತಿ ಹಿಡಿಯುತ್ತಾರೆ; ದುಃಖ ಎಷ್ಟೇ ಇರಲಿ, ಹೊರಲು ಜನ ಇದ್ದಾರೆ. ಬ್ಲೂಸಿನವನು ಹೊಲದಲ್ಲಿ ಗುಂಪಾಗಿ ಹಾಡುತ್ತಿದ್ದವರ ಮೊಮ್ಮಗ, ಆದರೆ ರೈಲು ಹತ್ತಿ ಒಬ್ಬನೇ ಬಂದವನು. ಹಿಮ್ಮೇಳವನ್ನು ಕಟ್ಟಿಗೆ ತಂತಿಗಳಲ್ಲಿ ಮಾಡಿಕೊಂಡಿದ್ದಾನೆ. ಒಂದು ಸಾಲು ಹೇಳಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯದರಲ್ಲಿ ತಿರುಗಿಸುವ ಹನ್ನೆರಡು ಅಳತೆಯ ಕಟ್ಟಿನಲ್ಲಿ ಪ್ರತಿ ಸಾಲಿನ ಕೊನೆಗೂ ಗಿಟಾರಿಗೆಂದು ಜಾಗ ಬಿಟ್ಟಿರುತ್ತದೆ. ಬಡ್ಡಿ ಗೈ ಆ ಜಾಗದಲ್ಲಿ ಏನು ಮಾಡುತ್ತಾನೆ ಎಂದು ಕೇಳಿದರೆ ಸಾಕು, ಇಂಗ್ಲಿಷ್ ಬಾರದಿದ್ದರೂ ನಡೆಯುತ್ತದೆ. ಹರೆಯದಲ್ಲಿ ಅವನು ಅಲ್ಲಿ ಇಪ್ಪತ್ತು ಸ್ವರ ಸುರಿಯುತ್ತಿದ್ದ. ಈಗ ಎಷ್ಟೋ ಕಡೆ ನಾಲ್ಕು ಸಾಕಾಗಿದೆ.

ಹಾಗೆಂದು ಆಲ್ಬಂ ಪೂರ್ತಿ ಹಾಗೇ ಇದೆಯೇ? ಇಲ್ಲ. ಹದಿನೈದು ಹಾಡು, ಒಂದು ಗಂಟೆಗೂ ಮಿಗಿಲು. ನಾನಾಗಿದ್ದರೆ ನಾಲ್ಕನ್ನು ಕಿತ್ತುಬಿಡುತ್ತಿದ್ದೆ. ನಿರ್ಮಾಪಕ ಟಾಮ್ ಹ್ಯಾಂಬ್ರಿಜ್ ಡ್ರಮ್ ಬಾರಿಸುವವನೂ ಹೌದು, ಹಲವು ಹಾಡು ಬರೆದವನೂ ಹೌದು. ಆತ ಎಲ್ಲವನ್ನೂ ಗುಡಿಸಿ ಸಾರಿಸಿ ಇಟ್ಟಿದ್ದಾನೆ, ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚು. ಅತಿಥಿಗಳ ಕಾಟ ಬೇರೆ. ಜೇಮ್ಸ್ ಬೇ ಎಂಬ ಎಳೆಯ ಗಾಯಕನೊಂದಿಗಿನ ಹಾಡಿಗೆ ಸಕ್ಕರೆ ಜಾಸ್ತಿಯಾಗಿದೆ; ಮೈಷುಗರ್ ಕಾರ್ಖಾನೆಯ ಜಿಲ್ಲೆಯವನು ಹೇಳುತ್ತಿದ್ದೇನೆ, ನಂಬಬಹುದು. ‘ಕಾನ್ಯಾಕ್’ನಲ್ಲಿ ರಾಕ್ ಗಿಟಾರ್ ವಾದಕರಾದ ಜೆಫ್ ಬೆಕ್, ಕೀತ್ ರಿಚರ್ಡ್ಸ್ ಇಬ್ಬರೂ ಸೇರಿ ಮೂವರು ಮುದುಕರು ಬ್ರಾಂದಿಯ ಮಹಿಮೆ ಹೊಗಳುತ್ತಾರೆ. ಬೀಗರೂಟದ ಕೊನೆಯ ಪಂಕ್ತಿಯ ಹರಟೆಯಂತಿದೆ, ಮಜವಾಗಿದೆ, ಅಷ್ಟೆ. ರಾಕ್ ಗಾಯಕ ಮಿಕ್ ಜಾಗರ್ ಮಾತ್ರ ಹಾಡುವ ಆಸೆ ನುಂಗಿಕೊಂಡು ಒಂದು ಹಾಡಿನಲ್ಲಿ ಬರೀ ಮೌತ್ ಆರ್ಗನ್ ಊದಿ, ದೊಡ್ಡವರ ಮನೆಗೆ ಬಂದ ಹುಡುಗನಂತೆ ಬಾಗಿಲ ಹತ್ತಿರವೇ ನಿಂತಿದ್ದಾನೆ. ಅದು ನನಗೆ ಇಷ್ಟವಾಯಿತು. ಗ್ರ್ಯಾಮಿಯವರು 2019ರಲ್ಲಿ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಪ್ರಶಸ್ತಿ ಕೊಟ್ಟರು. ಕೊಡದಿದ್ದರೂ ಆ ಮೊದಲ ಹಾಡಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಈ ಸಂಗೀತವನ್ನು ಸ್ಟೇಷನ್ನಿನಲ್ಲಿ ಕೇಳುವುದಕ್ಕೆ ಒಂದು ಪೂರ್ವಾಧಾರವೂ ಇದೆ. 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್ವೈಲರ್ ಎಂಬ ಸಣ್ಣ ನಿಲ್ದಾಣದಲ್ಲಿ ಡಬ್ಲ್ಯು.ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮೇಷ್ಟ್ರು ಒಂಬತ್ತು ಗಂಟೆ ತಡವಾದ ಗಾಡಿಗೆ ಕಾಯುತ್ತ ತೂಕಡಿಸುತ್ತಿದ್ದನಂತೆ. ಪಕ್ಕದಲ್ಲಿ ಹರಕು ಬಟ್ಟೆಯ ಕರಿಯನೊಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ಎಳೆಯುತ್ತ, ಎರಡು ರೈಲುದಾರಿ ಕೂಡುವ ಜಾಗದ ಬಗ್ಗೆ ಒಂದೇ ಸಾಲನ್ನು ಮೂರು ಸಲ ಹಾಡಿದ. ಅಂಥ ವಿಚಿತ್ರ ಸಂಗೀತವನ್ನು ತಾನು ಕೇಳಿರಲೇ ಇಲ್ಲ ಎಂದು ಹ್ಯಾಂಡಿ 1941ರ ಆತ್ಮಕತೆಯಲ್ಲಿ ಬರೆದ; ಆ ಪುಸ್ತಕದ ಹೆಸರೇ ‘ಫಾದರ್ ಆಫ್ ದ ಬ್ಲೂಸ್’. ಚಾಕು ಹಿಡಿದವನ ಹೆಸರು ಕೇಳಿಕೊಳ್ಳಬೇಕೆಂದು ಈ ಅಪ್ಪನಿಗೆ ಹೊಳೆಯಲಿಲ್ಲ. ನಾನೂ ಬೈಯುವ ಹಾಗಿಲ್ಲ. ನಮ್ಮ ಜಗಲಿಯಲ್ಲಿ ಅಷ್ಟು ವರ್ಷ ಹಾಡಿದವನು ನನಗೆ ಇವತ್ತಿಗೂ ಬರೀ ನೀಲಗಾರಯ್ಯ.

ಹೋದ ವಾರ ಇದೇ ಬೆಂಚಿನ ಮೇಲೆ ವಯಸ್ಸಾದ ರೈತರೊಬ್ಬರು ಪಕ್ಕದಲ್ಲಿ ಕೂತಿದ್ದರು. ಕಾಲ ಬಳಿ ಗೊಬ್ಬರದ ಚೀಲ, ಅದರೊಳಗೆ ಮೈಸೂರಿನ ಮಗಳ ಮನೆಗೆಂದು ತೆಂಗಿನಕಾಯಿ. ನಾನು ಕಣ್ಣು ಮುಚ್ಚಿ ತಲೆಯಾಡಿಸುವುದನ್ನು ನೋಡಿ ನೋಡಿ ತಡೆಯಲಾರದೆ, ‘ಏನಪ್ಪ ಅದು?’ ಅಂದರು. ವಯರಿನ ಒಂದು ತುದಿಯನ್ನು ಅವರ ಕಿವಿಗಿಟ್ಟೆ. ಹಾಡು ಅದೇ, ಮೊದಲನೆಯದು. ಸ್ವಲ್ಪ ಹೊತ್ತು ಹಳಿಯನ್ನೇ ನೋಡುತ್ತ ಕೂತರು.

‘ಏನೋ ಕೇಳ್ಕತಾವ್ನೆ ಅಲ್ವಾ?’

‘ಹೂಂ ಕಣಣ್ಣೋ. ಇನ್ನೊಂದಷ್ಟು ವರ್ಷ ಕೊಡಪ್ಪ ಅಂತಾವ್ನೆ.’

‘ವಯಸ್ಸೆಷ್ಟು?’

‘ಇದ ಹಾಡ್ದಾಗ ಎಂಬತ್ತೊಂದು.’

‘ಕೊಟ್ನಾ ಮತ್ತೆ?’

2025ರ ಜುಲೈ 30ಕ್ಕೆ ಎಂಬತ್ತೊಂಬತ್ತು ತುಂಬಿತು, ಅದೇ ದಿನ ಇನ್ನೊಂದು ಆಲ್ಬಂ ಬಿಟ್ಟ, ಅದೇ ವರ್ಷ ‘ಸಿನ್ನರ್ಸ್’ ಎಂಬ ಸಿನಿಮಾದಲ್ಲೂ ಗಿಟಾರ್ ಹಿಡಿದು ಕಾಣಿಸಿಕೊಂಡ ಎಂದೆಲ್ಲ ಹೇಳುವಷ್ಟು ಹೊತ್ತಿರಲಿಲ್ಲ. ಮಂಡ್ಯದ ಕಡೆಯಿಂದ ಗಾಡಿಯ ಕೂಗು ಕೇಳಿಸಿತ್ತು.

‘ಕೊಟ್ಟ,’ ಅಂದೆ. ‘ಬಡ್ಡಿ ಸಮೇತ.’

ಅವರು ವಯರನ್ನು ಕಿವಿಯಿಂದ ಬಿಡಿಸಿ ನನ್ನ ಕೈಗಿತ್ತು, ಚೀಲದ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ನಾನು ಕೈ ಹಾಕಿದೆ. ಗಾಡಿ ನಿಲ್ಲುವುದು ಒಂದೇ ನಿಮಿಷ.