ಬಿಗಿದ ಬೋಲ್ಟು

ನನ್ನ ಯೆಜ್ಡಿ ಮೋಟಾರು ಸೈಕಲ್ಲನ್ನು ಹಳೆಯ ವಿದ್ಯಾರ್ಥಿಗಳು ಯಾರೂ ಮರೆತಿರಲಾರರು. ನಾನು ಶಾಲೆಯ ಗೇಟು ಮುಟ್ಟುವುದಕ್ಕೆ ಮೊದಲೇ ಅದರ ಸದ್ದು ತರಗತಿಯನ್ನು ಮುಟ್ಟುತ್ತಿತ್ತು. ನೀವೆಲ್ಲ ಗಲಾಟೆ ನಿಲ್ಲಿಸಿ ಪುಸ್ತಕ ತೆರೆದು ಕೂರುತ್ತಿದ್ದಿರಿ. 1988ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿ ಅದು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿಹೋಯಿತು. ಆಮೇಲೆ ಬಿಡಿಭಾಗಗಳಿಗೆ ಅಲೆದಾಟ ತಪ್ಪಲಿಲ್ಲ. ಹಾಗಾಗಿ ಸಣ್ಣಪುಟ್ಟ ರಿಪೇರಿಯನ್ನು ನಾನೇ ಮಾಡಿಕೊಳ್ಳುವುದನ್ನು ರೂಢಿಸಿಕೊಂಡಿದ್ದೆ. ಭೌತಶಾಸ್ತ್ರದ ಮೇಷ್ಟ್ರು ಎಂಬ ಸಣ್ಣದೊಂದು ಜಂಬವೂ ಅದರ ಹಿಂದೆ ಇತ್ತೆಂದು ಒಪ್ಪಿಕೊಳ್ಳಬೇಕು.

2004ರ ಬೇಸಿಗೆ ರಜೆಯಲ್ಲಿ ಕ್ಲಚ್ ಪ್ಲೇಟು ಬದಲಿಸಲು ಕುಳಿತೆ. ಯೆಜ್ಡಿಯಲ್ಲಿ ಕ್ಲಚ್ ಇರುವುದು ಎಂಜಿನ್ನಿನ ಎಡಬದಿಯಲ್ಲಿ. ಆಯಿಲ್ ಇಳಿಸಿ, ಅಲ್ಯೂಮಿನಿಯಂ ಕವಚವನ್ನು ತೆಗೆದರೆ ಅದು ಕಾಣಿಸುತ್ತದೆ. ಕವಚಕ್ಕಿದ್ದ ಮೂಲದ ಸ್ಕ್ರೂಗಳನ್ನು ಹಿಂದಿನವರು ಯಾರೋ ತೆಗೆದು, ಆರು ಮೂಲೆಯ ತಲೆಯುಳ್ಳ ಉಕ್ಕಿನ ಬೋಲ್ಟುಗಳನ್ನು ಹಾಕಿದ್ದರು. ಎರಡು ಬಿಚ್ಚಿಬಂದವು. ಮೂರನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಸನ್ನೆಯ ತತ್ತ್ವವನ್ನು ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ತೋಳು ಎರಡರಷ್ಟು ಉದ್ದವಾದರೆ ತಿರುಗಿಸುವ ಪರಿಣಾಮವೂ ಎರಡರಷ್ಟಾಗುತ್ತದೆ. ಸ್ಪ್ಯಾನರಿನ ಹಿಡಿಗೆ ಒಂದು ಗಜದಷ್ಟು ಉದ್ದದ ಕೊಳವೆ ತೊಡಿಸಿ, ಕಾಲೂರಿ ಎಳೆದೆ. ಟಪ್ ಎಂದಿತು. ಬಿಟ್ಟುಕೊಂಡಿತೆಂದು ಹಿಗ್ಗಿದರೆ, ಬೋಲ್ಟಿನ ತಲೆ ಮುರಿದು ಅಂಗಳದಲ್ಲಿ ಬಿದ್ದಿತ್ತು. ಉಳಿದವನ್ನು ಮುಟ್ಟುವ ಧೈರ್ಯ ಬರಲಿಲ್ಲ. ಗಾಡಿಯನ್ನು ತಳ್ಳಿಕೊಂಡು ಪೇಟೆಯ ಗ್ಯಾರೇಜಿಗೆ ಹೋದೆ.

ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಸುಮಾರು ಹದಿನಾಲ್ಕು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟಿದ್ದ. ನನ್ನನ್ನು ಕಂಡೊಡನೆ ಎದ್ದು ನಿಂತು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಸ್ಟೂಲು ಒರೆಸಿದ. ಮೂಗಿನ ಮೇಲಿದ್ದ ದಪ್ಪ ಗಾಜಿನ ಕನ್ನಡಕವನ್ನು ತೆಗೆದು ಜೇಬಿಗಿಟ್ಟು, ಮುಖವನ್ನು ಎಂಜಿನ್ನಿನ ಹತ್ತಿರಕ್ಕೆ ತಂದು ಒಂದೊಂದೇ ಬೋಲ್ಟನ್ನು ನೋಡಿದ. ಅವನ ಕೈ ಇನ್ನೂ ಸ್ಪ್ಯಾನರನ್ನು ಮುಟ್ಟಿರಲಿಲ್ಲ.

"ಯಾಕೆ ಹಿಡ್ಕೊಂಡಿದೆ ಅಂತ ಮೊದಲು ಗೊತ್ತಾಗ್ಬೇಕು ಸಾರ್. ಬಿಳೀ ಪುಡಿ ನೋಡಿ" ಎಂದ. ಬೋಲ್ಟಿನ ಬುಡದಲ್ಲಿ ಸುಣ್ಣದಂಥ ಪುಡಿ ಕಟ್ಟಿತ್ತು. ಉಕ್ಕು ಮತ್ತು ಅಲ್ಯೂಮಿನಿಯಂ ತೇವದಲ್ಲಿ ತಾಗಿಕೊಂಡಿದ್ದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಅಲ್ಯೂಮಿನಿಯಂ ಕ್ಷಯಿಸಿ ಪುಡಿಯಾಗಿ ಥ್ರೆಡ್ಡಿನ ಸಂದಿಯನ್ನು ತುಂಬಿಬಿಡುತ್ತದೆ. ಇದೂ ನಾನು ಪಾಠ ಮಾಡಿದ ವಿಷಯವೇ.

ಅವನು ಪ್ರತಿ ಬೋಲ್ಟಿನ ಬುಡಕ್ಕೂ ಡೀಸೆಲ್ ಬೆರೆಸಿದ ಆಯಿಲ್ ಬಿಟ್ಟು, "ನಾಳೆ ಬನ್ನಿ ಸಾರ್, ಇದಕ್ಕೆ ಟೈಮ್ ಕೊಡ್ಬೇಕು" ಎಂದು ನನ್ನನ್ನು ಕಳುಹಿಸಿದ. ಮರುದಿನ ಬೋಲ್ಟುಗಳ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ, ಹಗುರವಾಗಿ ತಟ್ಟಿದ. ಆ ಅದುರಿಗೆ ಪುಡಿ ಒಡೆದು ಎಣ್ಣೆ ಒಳಗಿಳಿಯುತ್ತದೆ. ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿರಿಸಿ, ಎಣ್ಣೆಯ ಪಸೆಯನ್ನು ಒರೆಸಿದ ಮೇಲೆ ಬೋಲ್ಟಿನ ಸುತ್ತಲ ಲೋಹಕ್ಕೆ ಉರಿದೀಪ ಹಿಡಿದ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ, ರಂಧ್ರ ದೊಡ್ಡದಾಗುತ್ತದೆ. ಆಮೇಲೆ ಆರೂ ಮೂಲೆಗಳನ್ನು ಹಿಡಿಯುವ ರಿಂಗ್ ಸ್ಪ್ಯಾನರ್ ಕೂರಿಸಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿದ. ಕಿರ್ ಎಂಬ ಸದ್ದು ಬಂತು. ಹಿಂದಕ್ಕೆ ಕಾಲು ಸುತ್ತು, ಮತ್ತೆ ಮುಂದಕ್ಕೆ ಸ್ವಲ್ಪ, ಹೀಗೆ ಒಲಿಸಿ ಒಲಿಸಿ ಎಲ್ಲವನ್ನೂ ಬಿಚ್ಚಿದ. ಕವಚ ಹೊರಬಂದಾಗ ಮುರಿದ ಬೋಲ್ಟಿನ ಮೋಟು ಹೊರಚಾಚಿ ನಿಂತಿತ್ತು. ಅದನ್ನೂ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಿರುಗಿಸಿ ತೆಗೆದ.

"ಕಾಯಿಸಿದರೆ ತೂತು ದೊಡ್ಡದಾಗುತ್ತೆ ಅಂತ ಯಾರಪ್ಪಾ ಹೇಳಿಕೊಟ್ಟರು?" ಎಂದು ಕೇಳಿದೆ.

"ನೀವೇ ಸಾರ್. ಉಂಗುರ, ಗುಂಡು ತಂದು, ಎಲ್ರನ್ನೂ ಮೇಜಿನ ಹತ್ರ ಕರೆದು ತೋರಿಸಿದ್ರಲ್ಲ. ನಂಗೆ ಕಂಡಿದ್ದು ಅದೊಂದೇ ಪಾಠ."

ಅರ್ಥವಾಗಲಿಲ್ಲ ಎಂದೆ. ಅವನು ಕೈಯಲ್ಲಿನ ಕೆಲಸ ನಿಲ್ಲಿಸದೆಯೇ ಹೇಳಿದ: "ಬೋರ್ಡು ಕಾಣ್ತಿರ್ಲಿಲ್ಲ ಸಾರ್. ಎಲ್ರಿಗೂ ಹಾಗೇ ಅಂದ್ಕೊಂಡಿದ್ದೆ. ಲೈಸೆನ್ಸು ಮಾಡ್ಸೋಕೆ ಹೋದಾಗ ಗೊತ್ತಾಯ್ತು."

ಆ ಹುಡುಗನನ್ನು ನಾನು ಕೊನೆಯ ಬೆಂಚಿನಿಂದ ಎಬ್ಬಿಸಿ, ಬೋರ್ಡಿನ ಮೇಲಿನ ಲೆಕ್ಕ ಓದೆಂದು ಅದೆಷ್ಟು ಸಲ ಗದರಿಸಿದ್ದೆ! ಓದದಿದ್ದಾಗ ಉದ್ಧಟತನವೆಂದು ಬಗೆದು ಅಡಿಕೋಲಿನಿಂದ ಹೊಡೆದೆ. ಮತ್ತೂ ಓದಲಿಲ್ಲ, ಮತ್ತೂ ಜೋರಾಗಿ ಹೊಡೆದೆ. ಕೆಲವು ದಿನಗಳ ಮೇಲೆ ಅವನ ಜಾಗ ಖಾಲಿಯಾಯಿತು. ಅವನ ಮನೆಯ ಕಡೆಗೂ ನಾನು ಹೋಗಲಿಲ್ಲ. ಸಮೀಪದೃಷ್ಟಿ, ಅದಕ್ಕೆ ನಿಮ್ನ ಮಸೂರ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದವನು ನಾನೇ.

ಅವನ ಮಾತಿನಲ್ಲಿ ದೂರು ಇರಲಿಲ್ಲ. ನನಗೆ ಹೇಳಬೇಕಾದ ಮಾತು ಬಾಯಿಗೆ ಬರಲು ಬಹಳ ಹೊತ್ತಾಯಿತು. "ತಪ್ಪಾಯಿತಪ್ಪಾ" ಎಂದೆ. ಅವನು, "ಬಿಡಿ ಸಾರ್, ನಂಗೇ ಗೊತ್ತಿರ್ಲಿಲ್ಲ" ಎಂದು ಹೊಸ ಬೋಲ್ಟುಗಳ ಥ್ರೆಡ್ಡಿಗೆ ಗ್ರೀಸು ಸವರತೊಡಗಿದ. "ಮುಂದೆ ಬಿಚ್ಚೋರಿಗೆ ಕಷ್ಟ ಆಗ್ಬಾರ್ದು" ಎಂದ.

ಆ ಜೂನ್ ತಿಂಗಳಿನಿಂದ ನಿವೃತ್ತನಾಗುವವರೆಗೆ, ಶಾಲೆ ತೆರೆದ ಮೊದಲ ವಾರ ಪ್ರತಿ ಮಗುವನ್ನೂ ಕೊನೆಯ ಬೆಂಚಿನ ಬಳಿ ನಿಲ್ಲಿಸಿ, ಒಂದೊಂದು ಕಣ್ಣು ಮುಚ್ಚಿಸಿ, ಬೋರ್ಡು ಓದಿಸಿದೆ. ಪ್ರತಿ ವರ್ಷ ಒಬ್ಬಿಬ್ಬರಾದರೂ ಸಿಕ್ಕರು. ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದದ್ದು ಅದೇ ಯೆಜ್ಡಿಯಲ್ಲಿ.

ಇದನ್ನು ಓದುತ್ತಿರುವವರಲ್ಲಿ 2004ಕ್ಕೆ ಮುಂಚೆ ನನ್ನ ತರಗತಿಯಲ್ಲಿ ಕುಳಿತವರೂ ಇದ್ದೀರಿ. ನಿಮ್ಮಲ್ಲಿ ಯಾರನ್ನಾದರೂ ಕಾರಣ ಕೇಳದೆ ನಾನು ದಂಡಿಸಿದ್ದರೆ, ಅವನಿಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತಿದ್ದೇನೆ. ತಪ್ಪಾಯಿತು.